ಸೀಳು ತುಟಿ ಮತ್ತು ಅಂಗುಳ: ಹೊಲಿಗೆಯ ನಂತರ ಉಳಿಯುವ ಕೆಲಸ

ಮಂಡ್ಯ ಸೀಮೆಯಲ್ಲಿ ಮಗು ಸೀಳು ತುಟಿಯೊಡನೆ ಹುಟ್ಟಿದರೆ, ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೆಂದೋ ಈಳಿಗೆಮಣೆ ಮುಟ್ಟಿದಳೆಂದೋ ತಾಯಿಯನ್ನು ದೂರುವವರು ಇಂದಿಗೂ ಇದ್ದಾರೆ. ಇದು ಆಧಾರವಿಲ್ಲದ, ಕ್ರೂರವಾದ ದೂರು. ಗರ್ಭದ 4ನೆಯ ವಾರದಿಂದ ಮುಖದ ಇಕ್ಕೆಲಗಳ ಉಬ್ಬುಗಳು ನಡುವಿನತ್ತ ಬೆಳೆದು, ಸುಮಾರು 7ನೆಯ ವಾರಕ್ಕೆ ಕೂಡಿಕೊಂಡು ಮೇಲ್ದುಟಿಯಾಗುತ್ತವೆ. ನಾಲಗೆಯ ಎರಡೂ ಬದಿಯಲ್ಲಿ ಕೆಳಮುಖವಾಗಿದ್ದ ಅಂಗುಳದ ಮಡಿಕೆಗಳು ಮೇಲೆದ್ದು 12ನೆಯ ವಾರದ ಹೊತ್ತಿಗೆ ಬೆಸೆಯುತ್ತವೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿಯೆಂದು ಖಚಿತವಾಗುವ ವೇಳೆಗೆ ತುಟಿ ರೂಪುಗೊಳ್ಳುವುದು ಬಹುಪಾಲು ಮುಗಿದಿರುತ್ತದೆ. ನಮ್ಮಲ್ಲಿ ಗ್ರಹಣವೇ ಕಾಣದ ವರ್ಷಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ.

ಈ ಬೆಸುಗೆ ತಪ್ಪಲು ಹೆಚ್ಚಿನ ಸಂದರ್ಭಗಳಲ್ಲಿ ಹಲವು ಜೀನುಗಳೂ ಪರಿಸರವೂ ಒಟ್ಟಾಗಿ ಕಾರಣ. ತಾಯಿಯ ಧೂಮಪಾನ, ಗರ್ಭಕ್ಕೆ ಮೊದಲೇ ಇರುವ ಮಧುಮೇಹ, ವಾಲ್‌ಪ್ರೊಯೇಟ್‌ನಂತಹ ಮೂರ್ಛೆರೋಗದ ಔಷಧಗಳು ಅಪಾಯವನ್ನು ಹೆಚ್ಚಿಸುತ್ತವೆ. ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸದೆ, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು.

ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳಲ್ಲಿ ನಡೆಯುತ್ತದೆ. ಮುಖ ಸರಿಹೋಯಿತೆಂದು ಮನೆಯವರು ನಿರಾಳವಾಗುವುದು ಸಹಜವಾದರೂ, ಮಾತು ಕಲಿಯುವ ಕಷ್ಟ ಎಷ್ಟೋ ಮಕ್ಕಳಿಗೆ ಅಲ್ಲಿಂದಲೇ ಶುರುವಾಗುತ್ತದೆ. ‘ಬ’, ‘ದ’ ಎನ್ನುವಾಗ ಅಂಗುಳದ ಹಿಂಬದಿಯ ಮೆದುಭಾಗ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಅದು ಪೂರ್ತಿ ಮುಚ್ಚದಿದ್ದರೆ ಗಾಳಿ ಮೂಗಿಗೆ ನುಗ್ಗಿ, ‘ಬರ’ ಎಂದದ್ದು ‘ಮರ’ದಂತೆ, ‘ದಾರಿ’ ಎಂದದ್ದು ‘ನಾರಿ’ಯಂತೆ ಕೇಳುತ್ತದೆ. ಕೆಲವು ಮಕ್ಕಳು ಗಂಟಲಿನಿಂದಲೇ ಸದ್ದನ್ನು ತಡೆದು ಮಾತನಾಡುವುದನ್ನು ರೂಢಿಸಿಕೊಳ್ಳುತ್ತವೆ. ಇದು ಬೇರೂರಿದ ಮೇಲೆ ಅಂಗುಳ ಎಷ್ಟೇ ಚೆನ್ನಾಗಿ ಕೂಡಿದ್ದರೂ ತಾನಾಗಿ ಹೋಗುವುದಿಲ್ಲ, ತರಬೇತಿಯೇ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಈ ಭಾಗದವರ ಭಾಗ್ಯ. ಮಗು ಮಾತು ಕಲಿಯುವ ಮೊದಲೇ ಅಲ್ಲಿಗೆ ಹೋಗುವುದು ಒಳಿತೆಂಬುದು ನನ್ನ ದೃಢ ಅಭಿಪ್ರಾಯ. ಕಿವಿಯನ್ನೂ ಪರೀಕ್ಷಿಸಬೇಕು, ಏಕೆಂದರೆ ಮಧ್ಯಕಿವಿಗೆ ಗಾಳಿಯಾಡಿಸುವ ನಾಳವನ್ನು ತೆರೆಯುವುದೂ ಇದೇ ಅಂಗುಳದ ಸ್ನಾಯುಗಳೇ. ಅವು ದುರ್ಬಲವಾದರೆ ಕಿವಿಯೊಳಗೆ ದ್ರವ ನಿಂತು ಕೇಳುವುದು ಮಂದವಾಗುತ್ತದೆ.

ಸೀಳು ವಸಡಿನವರೆಗೂ ಹಬ್ಬಿದ್ದರೆ ಅದರ ಪಕ್ಕದ ಬಾಚಿಹಲ್ಲು ಹುಟ್ಟದೆ ಇರಬಹುದು, ಸೊಟ್ಟಗೆ ಬರಬಹುದು, ಕೆಲವೊಮ್ಮೆ ಹೆಚ್ಚುವರಿ ಹಲ್ಲೇ ಮೂಡಬಹುದು. ಶಾಶ್ವತ ಕೋರೆಹಲ್ಲು ಇಳಿಯಲು ಆ ಜಾಗದಲ್ಲಿ ಮೂಳೆ ಇರಬೇಕಾದ್ದರಿಂದ, ಸಾಮಾನ್ಯವಾಗಿ ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ಅಲ್ಲಿ ತುಂಬುತ್ತಾರೆ. ಇದು ಸುಮಾರು 8ರಿಂದ 11 ವರ್ಷದೊಳಗೆ, ಆ ಹಲ್ಲು ಮೂಡುವ ಮುನ್ನವೇ ನಡೆಯಬೇಕು. ಆಸ್ಪತ್ರೆಯ ಓಡಾಟ ಮರೆತೇಹೋಗಿರುವ ವಯಸ್ಸು ಅದು. ಆದ್ದರಿಂದ ಮಗುವಿಗೆ ಏಳು ವರ್ಷ ತುಂಬುತ್ತಲೇ ದಂತವೈದ್ಯರಿಗೆ ಮತ್ತೆ ತೋರಿಸಿ, ಈ ಚಿಕಿತ್ಸೆಯ ಕಾಲವನ್ನು ಗೊತ್ತುಮಾಡಿಕೊಳ್ಳಬೇಕು.