ಕೆಂಗುರಿಯಲ್ಲಿ ಮಾಂಸ ಜಾಸ್ತಿ ಬೀಳುತ್ತದಾ?

ಪ್ರಶ್ನೆ: ಸರ್, ಬಯಲಲ್ಲಿ ಮೇಯಿಸಿ ಸಾಕಲು ಕೆಂಗುರಿ ತಗೊಳ್ಳಲಾ, ಬಳ್ಳಾರಿ ಕುರಿ ತಗೊಳ್ಳಲಾ? ಯಾವುದರಲ್ಲಿ ಮಾಂಸ ಜಾಸ್ತಿ?

ಉತ್ತರ: ಕೊಪ್ಪಳ, ರಾಯಚೂರು ಕಡೆಯಿಂದ ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ. ಮೈ ಕಟ್ಟುವುದು ಕೆಂಗುರಿಯೇ. ಬಲಿತ ಟಗರು 50 ಕೆ.ಜಿ. ಆಸುಪಾಸು ತೂಗುತ್ತದೆ, ಬಳ್ಳಾರಿ ಟಗರು 35ರ ಸುತ್ತ. ಕುರಿಯೊಂದಕ್ಕೆ ಬೀಳುವ ಮಾಂಸ ನೋಡಿದರೆ ಕೆಂಗುರಿಯದೇ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಸಂತೆಯಲ್ಲಿ ಹೇಳುವುದು ಇದನ್ನಲ್ಲ. ‘ಒಂದೇ ತೂಕದ ಎರಡು ಕುರಿ ತಗೊಂಡರೂ ಕೆಂಗುರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಂಸ, ಬಳ್ಳಾರಿಯಲ್ಲಿ ಅರ್ಧವೂ ಬರಲ್ಲ’ ಅಂತಾರೆ. ಇದು ತಪ್ಪು. ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ, ಅದಕ್ಕೆ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಒಂದು ಟಗರು ಇದೆ ಅಂದುಕೊಳ್ಳಿ. ದಿನವೆಲ್ಲ ಜೋಳದ ಕೂಳೆ ಮೇಯ್ದು, ನೀರು ಕುಡಿದು ಸಂಜೆ ತಕ್ಕಡಿ ಹತ್ತಿದೆ. 30 ಕೆ.ಜಿ. ರಾತ್ರಿಯೆಲ್ಲ ಮೇವಿಲ್ಲದೆ ಕಟ್ಟಿ ಬೆಳಿಗ್ಗೆ ಮತ್ತೆ ತೂಗಿದರೆ 28. ಕೊಯ್ದು, ತಲೆ, ಕಾಲು, ಚರ್ಮ, ಹೊಟ್ಟೆಯೊಳಗಿನದ್ದೆಲ್ಲ ತೆಗೆದ ಮೇಲೆ ಕೊಕ್ಕೆಗೆ ಹಾಕುವ ಮೈ 14 ಕೆ.ಜಿ. ಈಗ ಇದನ್ನು ಸಂಜೆಯ ತೂಕಕ್ಕೆ ಹಿಡಿದರೆ ನೂರಕ್ಕೆ 47, ಬೆಳಗಿನ ತೂಕಕ್ಕೆ ಹಿಡಿದರೆ ನೂರಕ್ಕೆ 50. ಕುರಿ ಅದೇ, ಮಾಂಸ ಅದೇ. ಬದಲಾಗಿದ್ದು ಹೊಟ್ಟೆಯಲ್ಲಿದ್ದ ಮೇವು, ನೀರು ಮಾತ್ರ, ಅಲ್ವಾ? ಕುರಿಯ ದೊಡ್ಡ ಹೊಟ್ಟೆ ಸಣ್ಣ ಚೀಲವಲ್ಲ, ಮೈತೂಕದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಅದರೊಳಗೇ ಇರಬಹುದು. ಉಪ್ಪು ನೆಕ್ಕಿಸಿ ನೀರು ಕುಡಿಸಿದ ಕುರಿಯನ್ನು ತೂಗಿ ತಂದವರು ಆಮೇಲೆ ‘ಈ ತಳಿಯಲ್ಲಿ ಮಾಂಸವೇ ಇಲ್ಲ’ ಅಂತ ತಳಿಯನ್ನು ಬೈಯುತ್ತಾರೆ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ಅದಕ್ಕೂ ನೀವು ದುಡ್ಡು ಕೊಟ್ಟಿರುತ್ತೀರಿ.

ಬಳ್ಳಾರಿ ಕುರಿಗೆ ಉಣ್ಣೆ ಇದೆ, ಕೆಂಗುರಿಗೆ ಬರೀ ಕೂದಲು, ಆ ವ್ಯತ್ಯಾಸ ನಿಜ. ಆದರೆ ಒಂದು ಸಲ ಕತ್ತರಿಸಿದರೆ ಅರ್ಧ ಕೆ.ಜಿ.ಯೂ ಬರದ ಉಣ್ಣೆಯಿಂದ ಲೆಕ್ಕ ಅಷ್ಟೇನೂ ಏರುಪೇರಾಗುವುದಿಲ್ಲ. ಅದಕ್ಕಿಂತ ವಯಸ್ಸು, ಕೊಬ್ಬು ಜಾಸ್ತಿ ಕೆಲಸ ಮಾಡುತ್ತವೆ. ಚೆನ್ನಾಗಿ ಮೇಯ್ದು ಕೊಬ್ಬು ಕಟ್ಟಿದ ಟಗರಿಗೆ ನೂರಕ್ಕೆ ಬೀಳುವ ಪಾಲು ಏರುತ್ತದೆ, ಬೇಸಿಗೆಯಲ್ಲಿ ಸೊರಗಿದ್ದಕ್ಕೆ ಇಳಿಯುತ್ತದೆ. ಕೊಳ್ಳುವಾಗ ಬಣ್ಣ ನೋಡುವ ಬದಲು ಬೆನ್ನಿನ ಮೇಲೆ, ಸೊಂಟದ ಹತ್ತಿರ ಬೆರಳು ಒತ್ತಿ ನೋಡಿ. ಮೂಳೆ ಚೂಪಾಗಿ ಕೈಗೆ ಚುಚ್ಚಿದರೆ ಮಾಂಸ ಕಮ್ಮಿ, ಅದು ಯಾವ ತಳಿಯೇ ಆಗಿರಲಿ. ತಳಿ ಹೋಲಿಸಲೇಬೇಕು ಅಂದರೆ ಒಂದೇ ವಯಸ್ಸಿನ, ಒಂದೇ ಹಿಂಡಿನಲ್ಲಿ ಮೇಯ್ದ, ಒಂದೇ ಹೊತ್ತು ಹಸಿದ ಕುರಿಗಳನ್ನು ತೂಗಿ.

ಕೊಬ್ಬಿನ ಮಾತು ಬಂತಲ್ಲ, ನೀವು ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಹಸಿರು ಮೇಯ್ದ ದನದ ಕೊಬ್ಬು ಹಳದಿ ಇರುತ್ತದೆ, ಅದೇ ಹುಲ್ಲು ತಿಂದ ಕುರಿಯದು, ಎಮ್ಮೆಯದು ಬೆಳ್ಳಗೆ. ಹುಲ್ಲಿನಲ್ಲಿರುವ ಕ್ಯಾರೋಟಿನ್ ಅನ್ನೋ ಹಳದಿ ಬಣ್ಣವನ್ನು ದನದ ಮೈ ಒಂದಿಷ್ಟು ಹಾಗೇ ಕೊಬ್ಬಿನಲ್ಲಿ ಕೂಡಿಡುತ್ತದೆ. ಕುರಿ, ಎಮ್ಮೆ ಕೂಡಿಡುವುದಿಲ್ಲ. ಆಕಳ ತುಪ್ಪ ಹಳದಿ, ಎಮ್ಮೆ ತುಪ್ಪ ಬಿಳಿ ಇರುವುದೂ ಇದೇ ಕಾರಣಕ್ಕೆ.