ಪಿಎಚ್‌ಡಿ ವಿದ್ಯಾರ್ಥಿಗಳೇ ಇಲ್ಲದ ಕಾಲೇಜಿನಲ್ಲಿ ಸಂಶೋಧನೆ ಮಾಡಲು ಸಾಧ್ಯವೇ?

ಪ್ರಶ್ನೆ: ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜೊಂದರಲ್ಲಿ ವಿದ್ಯಾರ್ಥಿವೇತನದೊಂದಿಗೆ ಸೀಟು ಸಿಕ್ಕಿದೆ. ಅಲ್ಲಿ ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲ, ಪಿಎಚ್‌ಡಿಯೂ ಇಲ್ಲ. ವಿಜ್ಞಾನ, ಎಂಜಿನಿಯರಿಂಗ್ ಸಂಶೋಧನೆಗೆ ಅವಕಾಶ ಇರುತ್ತದೆಯೇ?

ಉತ್ತರ: ಇರುತ್ತದೆ. ಪಿಎಚ್‌ಡಿ ಇಲ್ಲದಿರುವುದನ್ನು ನೀವು ಕೊರತೆ ಎಂದುಕೊಂಡಿದ್ದೀರಿ. ನಾನಾದರೆ ಅದನ್ನು ನಿಮ್ಮ ಮಗಳ ಅನುಕೂಲಗಳ ಪಟ್ಟಿಗೆ ಸೇರಿಸುತ್ತೇನೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಉಪಕರಣಗಳ ಮುಂದೆ ಮೊದಲು ಕೂರುವವರು ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪೋಸ್ಟ್‌ಡಾಕ್‌ಗಳು, ಅಂದರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುವವರು. ಪದವಿ ವಿದ್ಯಾರ್ಥಿಗಳ ಸರದಿ ಅವರ ನಂತರ. ಸಣ್ಣ ಕಾಲೇಜಿನ ಪ್ರಾಧ್ಯಾಪಕರಿಗೆ ಅಷ್ಟು ಜನಬಲವಿಲ್ಲ. ಅವರ ಸಂಶೋಧನೆ ಮುಂದೆ ಸಾಗಬೇಕಾದರೆ ಪದವಿ ವಿದ್ಯಾರ್ಥಿಗಳೇ ಜೊತೆಗೆ ನಿಲ್ಲಬೇಕು. ಇಂಥ ಕಾಲೇಜುಗಳ ಅಧ್ಯಾಪಕರಿಗೆಂದೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಅನುದಾನ ಕೊಡುತ್ತದೆ.

ಹೆಸರಿನಲ್ಲಿರುವ ‘ಆರ್ಟ್ಸ್’ ನಮ್ಮವರನ್ನು ಗಾಬರಿಪಡಿಸುತ್ತದೆ. ನಮ್ಮಲ್ಲಿ ಆರ್ಟ್ಸ್ ಎಂದರೆ ಬಿ.ಎ.; ಅಲ್ಲಿ ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ಆ ಪದದೊಳಗೇ ಇವೆ.

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿರುವ ರೀಡ್ ಕಾಲೇಜನ್ನೇ ನೋಡಿ. ಅಲ್ಲಿ 1968ರಿಂದ ಒಂದು ಪುಟ್ಟ ಸಂಶೋಧನಾ ಪರಮಾಣು ರಿಯಾಕ್ಟರ್ ಇದೆ. ಸುಮಾರು 25 ಅಡಿ ಆಳದ ನೀರಿನ ತೊಟ್ಟಿಯ ತಳದಲ್ಲಿ ಇಂಧನದ ಸರಳುಗಳಿವೆ. ರಿಯಾಕ್ಟರ್ ನಡೆಯುವಾಗ ಮೇಲಿನಿಂದ ಬಗ್ಗಿ ನೋಡಿದರೆ ನೀರೊಳಗೆ ಚೆರೆಂಕೋವ್ ವಿಕಿರಣದ ತಿಳಿನೀಲಿ ಬೆಳಕು ಕಾಣುತ್ತದೆ. ನಿಯಂತ್ರಣ ಫಲಕದ ಮುಂದೆ ಕೂರುವವರು ಬಹುಪಾಲು ಪದವಿ ವಿದ್ಯಾರ್ಥಿಗಳೇ. ಅದಕ್ಕಾಗಿ ಅವರು ತರಬೇತಿ ಪಡೆದು, ಸರ್ಕಾರದ ಪರಮಾಣು ನಿಯಂತ್ರಣ ಆಯೋಗದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯುತ್ತಾರೆ. ತತ್ತ್ವಶಾಸ್ತ್ರ ಓದುವವರೂ ಅವರಲ್ಲಿರುತ್ತಾರೆ! ಇಪ್ಪತ್ತರ ಹರೆಯದವರ ಮೇಲೆ ಇಷ್ಟು ಭರವಸೆ ಇಡುವ ಕಾಲೇಜು ಎಂದರೆ ನನಗೆ ಬಹಳ ಗೌರವ. ರೀಡ್‌ನಲ್ಲಿ ಕೊನೆಯ ವರ್ಷ ಪ್ರತಿಯೊಬ್ಬರೂ ಪ್ರಬಂಧ (ಥೀಸಿಸ್) ಬರೆಯಲೇಬೇಕು.

ಮುಂದಿನ ದಾರಿಯ ಬಗ್ಗೆಯೂ ಚಿಂತೆ ಬೇಡ. ಆರ್‌ಎನ್‌ಎಯಿಂದ ಡಿಎನ್‌ಎ ತಯಾರಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು ಬೇರೆ ಬೇರೆಯಾಗಿ ಕಂಡುಹಿಡಿದು 1975ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಪಡೆದ ಡೇವಿಡ್ ಬಾಲ್ಟಿಮೋರ್ ಮತ್ತು ಹೊವಾರ್ಡ್ ಟೆಮಿನ್ ಇಬ್ಬರೂ ಸ್ವಾರ್ಥ್‌ಮೋರ್ ಎಂಬ ಇಂಥದೇ ಸಣ್ಣ ಕಾಲೇಜಿನ ಪದವೀಧರರು. ಜೀನ್‌ಗಳನ್ನು ತಿದ್ದುವ ಕ್ರಿಸ್ಪರ್ ತಂತ್ರದ ಸಂಶೋಧನೆಗಾಗಿ 2020ರಲ್ಲಿ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಪದವಿ ಓದಿದ್ದು ಇಂಥದೇ ಪೊಮೋನಾ ಕಾಲೇಜಿನಲ್ಲಿ.

ಎಂಜಿನಿಯರಿಂಗ್ ವಿಷಯದಲ್ಲಿ ಮಾತ್ರ ಕಾಲೇಜನ್ನು ಒರೆಗೆ ಹಚ್ಚಿ ನೋಡಬೇಕು. ಎಲ್ಲ ಕಡೆ ಆ ವಿಭಾಗವಿಲ್ಲ. ಸ್ವಾರ್ಥ್‌ಮೋರ್‌ನಲ್ಲಿ ಇದೆ, ಮಹಿಳಾ ಕಾಲೇಜಾದ ಸ್ಮಿತ್ 1999ರಲ್ಲಿ ಆರಂಭಿಸಿತು. ಹಾರ್ವಿ ಮಡ್ ಕಾಲೇಜಿನ ‘ಕ್ಲಿನಿಕ್’ ಎಂಬ ಪದ್ಧತಿಗೆ 1963ರಿಂದಲೂ ಹೆಸರಿದೆ: ಕಂಪನಿಯೊಂದು ತನ್ನ ನಿಜವಾದ ತಾಂತ್ರಿಕ ಸಮಸ್ಯೆಯನ್ನು ತಂದೊಪ್ಪಿಸುತ್ತದೆ, ನಾಲ್ಕೈದು ವಿದ್ಯಾರ್ಥಿಗಳ ತಂಡ ವರ್ಷಪೂರ್ತಿ ಅದರ ಬೆನ್ನು ಹತ್ತುತ್ತದೆ. ವಿಭಾಗವಿಲ್ಲದ ಹಲವು ಕಾಲೇಜುಗಳು ಮೂರು ವರ್ಷ ತಮ್ಮಲ್ಲಿ, ಎರಡು ವರ್ಷ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿಸುವ ಒಪ್ಪಂದ ಮಾಡಿಕೊಂಡಿರುತ್ತವೆ. ಹಾಗಿದ್ದರೆ, ವಿದ್ಯಾರ್ಥಿವೇತನ ಕೊನೆಯ ಎರಡು ವರ್ಷಕ್ಕೂ ಸಿಗುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಇನ್ನೊಂದು ಅಡ್ಡಿಯನ್ನು ಈಗಲೇ ತಿಳಿದಿರಿ. ಬೇಸಿಗೆಯಲ್ಲಿ ಬೇರೆ ವಿಶ್ವವಿದ್ಯಾಲಯಗಳಿಗೆ ಹೋಗಿ ಸಂಶೋಧನೆ ಮಾಡಲು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡುವ ಪ್ರಸಿದ್ಧ ‘ಆರ್‌ಇಯು’ ನೆರವು ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಆದ್ದರಿಂದ ನಿಮ್ಮ ಮಗಳಿಗೆ ಕಾಲೇಜಿನ ಸ್ವಂತ ಬೇಸಿಗೆ ಸಂಶೋಧನಾ ನಿಧಿಯೇ ಮುಖ್ಯ. ಅದು ವಿದೇಶಿ ವಿದ್ಯಾರ್ಥಿಗಳಿಗೂ ಸಿಗುತ್ತದೆಯೇ, ಮೊದಲ ವರ್ಷದ ಬೇಸಿಗೆಯಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿ.

ಸೀಟು ಒಪ್ಪಿಕೊಳ್ಳುವ ಮೊದಲು ಆಕೆಯೇ ತನಗಿಷ್ಟವಾದ ವಿಭಾಗದ ಇಬ್ಬರು ಪ್ರಾಧ್ಯಾಪಕರಿಗೆ ಇಮೇಲ್ ಬರೆಯಲಿ. ಕಳೆದ ಬೇಸಿಗೆಯಲ್ಲಿ ಅವರ ಪ್ರಯೋಗಾಲಯದಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದರು, ಏನು ಮಾಡಿದರು, ಅವರ ಹೆಸರು ಯಾವುದಾದರೂ ಸಂಶೋಧನಾ ಲೇಖನದಲ್ಲಿ ಬಂದಿದೆಯೇ ಎಂದು ಕೇಳಲಿ. ವಿದ್ಯಾರ್ಥಿಗಳ ಜೊತೆ ನಿಜವಾಗಿ ಕೆಲಸ ಮಾಡುವ ಪ್ರಾಧ್ಯಾಪಕರಿಗೆ ಇದಕ್ಕೆ ಉತ್ತರಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.