ಆರಿದ ಬುಖಾರಿಗೆ ಮತ್ತೆ ಕಡ್ಡಿ ಗೀರುವ ಮುಂಚೆ

ಲೇಹ್ ಊರು ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಜನವರಿಯ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ಅಲ್ಲಿ ಮಾಮೂಲು. ಆ ಚಳಿಯಲ್ಲಿ ಮನೆ, ಹೋಟೆಲ್, ಸೇನೆಯ ಬಂಕರು ಎಲ್ಲ ಕಡೆ ಕೆಲಸಕ್ಕೆ ಬರುವುದು ಬುಖಾರಿ, ಅಂದರೆ ರೂಮು ಕಾಯಿಸುವ ಒಲೆ. ತಗಡಿನ ಒಂದು ಡ್ರಮ್ಮು, ಅದರ ತಲೆಯಿಂದ ಹೊರಗೆ ಹೋಗುವ ಹೊಗೆ ಕೊಳವೆ, ಅಷ್ಟೇ. ಸೌದೆಯದ್ದೂ ಇದೆ, ಸೀಮೆಎಣ್ಣೆಯದ್ದೂ ಇದೆ. ಸೀಮೆಎಣ್ಣೆಯದ್ದಾದರೆ ಪಕ್ಕದಲ್ಲಿ ಎತ್ತರಕ್ಕೆ ಒಂದು ಡಬ್ಬ ಇರುತ್ತದೆ, ಅದರ ನಲ್ಲಿಯಿಂದ ಎಣ್ಣೆ ಹನಿಹನಿಯಾಗಿ ಒಳಗಿನ ಬಟ್ಟಲಿಗೆ ಬೀಳುತ್ತದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವ ಸೈನಿಕರಿಗೆ ಇದು ದಿನನಿತ್ಯದ ವಸ್ತು. ಚಳಿಗಾಲದಲ್ಲಿ ಲಡಾಖ್ ನೋಡಲು ಹೋಗುವ ನಮ್ಮವರಿಗೆ ಮಾತ್ರ ಹೊಸದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಸೀಮೆಎಣ್ಣೆ ದ್ರವವಾಗಿದ್ದಾಗ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ಕಡ್ಡಿ ತಾಗಿಸಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳಬೇಕೆಂದರೆ ಎಣ್ಣೆ ಸುಮಾರು 35-40 ಡಿಗ್ರಿಗಾದರೂ ಬಿಸಿಯಾಗಬೇಕು. ನಮ್ಮ ಮನೆಗಳಲ್ಲಿದ್ದ ಪಂಪ್ ಸ್ಟವ್ ನೆನಪಿದೆಯಲ್ವಾ? ಮೊದಲು ಬರ್ನರ್ ಕೆಳಗಿನ ತಟ್ಟೆಯಲ್ಲಿ ಸ್ವಲ್ಪ ಉರಿಸಿ ತಲೆ ಕಾಯಿಸಿ, ಆಮೇಲೆ ಪಂಪ್ ಹೊಡೆಯುತ್ತಿದ್ದರು. ಅವಸರಪಟ್ಟು ಮೊದಲೇ ಪಂಪ್ ಹೊಡೆದರೆ ಹಸಿ ಎಣ್ಣೆಯೇ ಚಿಮ್ಮಿ ಭಗ್ಗೆಂದು ಎತ್ತರಕ್ಕೆ ಉರಿಯುತ್ತಿತ್ತು. ಬುಖಾರಿಯಲ್ಲೂ ನಡೆಯುವುದು ಇದೇ.

ಹಾಗಾಗಿ ಹಚ್ಚುವ ಮುಂಚೆ ಬಟ್ಟಲು ನೋಡಬೇಕು. ನಿನ್ನೆಯ ಎಣ್ಣೆ ನಿಂತಿದ್ದರೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬುಖಾರಿ ಓರೆಯಾಗಿ ನಿಂತಿದ್ದರೆ ಎಣ್ಣೆ ಒಂದೇ ಕಡೆ ಸೇರುತ್ತದೆ, ಅದನ್ನು ಸರಿ ಮಾಡಿ. ಹೊಗೆ ಕೊಳವೆಯಲ್ಲಿ ಮಸಿ ಕಟ್ಟಿದೆಯೇ, ಹೊರಗಿನ ಬಾಯಿಗೆ ಹಿಮ ತುಂಬಿದೆಯೇ ನೋಡಿ. ಡಬ್ಬದಲ್ಲಿ ನೀರು ಸೇರಿದ್ದರೆ ಅದು ತಳಕ್ಕಿಳಿದು ನಲ್ಲಿಯಲ್ಲೇ ಮಂಜುಗಡ್ಡೆಯಾಗಿ ಎಣ್ಣೆಗೆ ಅಡ್ಡ ನಿಲ್ಲುತ್ತದೆ. ಇನ್ನು ಪೆಟ್ರೋಲ್. ಸುಮಾರು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ತಂದ ಕ್ಯಾನಿನಲ್ಲಿ ಸೀಮೆಎಣ್ಣೆ ತುಂಬಿಸಲೇಬೇಡಿ. ತಳದಲ್ಲಿ ಉಳಿದ ಸ್ವಲ್ಪವೇ ಸಾಕು, ಸೀಮೆಎಣ್ಣೆಯ ಸ್ವಭಾವವೇ ಬದಲಾಗಿಬಿಡುತ್ತದೆ.

ಹಚ್ಚುವುದು ನಿಧಾನದ ಕೆಲಸ. ತಣ್ಣಗಿನ ಕೊಳವೆ ಹೊಗೆಯನ್ನು ಎಳೆಯುವುದಿಲ್ಲ, ಯಾಕಂದ್ರೆ ಬಿಸಿ ಗಾಳಿ ಹಗುರವಾಗಿ ಮೇಲೇರಿದರೆ ತಾನೇ ಕೆಳಗಿನಿಂದ ಹೊಸ ಗಾಳಿ ಒಳಗೆ ಬರುವುದು. ಅದಕ್ಕೆ ಮೊದಲು ಒಂದೆರಡು ಕಾಗದ ಉರಿಸಿ ಕೊಳವೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಆ ಉರಿ ಪೂರ್ತಿ ಆರಿದ ಮೇಲೆ ತಳ ಒದ್ದೆಯಾಗುವಷ್ಟು ಮಾತ್ರ ಎಣ್ಣೆ ಬಿಟ್ಟು ನಲ್ಲಿ ನಿಲ್ಲಿಸಿ, ಇನ್ನೊಂದು ಕಾಗದದ ಸುರುಳಿ ಹಚ್ಚಿ ಒಳಗೆ ಹಾಕಿ ಮುಚ್ಚಳ ಮುಚ್ಚಬೇಕು. ಕಾಗದ ಇಲ್ಲಿ ಬತ್ತಿಯ ಕೆಲಸ ಮಾಡುತ್ತದೆ. ಶುರುವಿನಲ್ಲಿ ಜ್ವಾಲೆ ಹಳದಿಯಾಗಿ ಮಸಿ ಬಿಡುತ್ತಾ ತೂಗಾಡುತ್ತದೆ. ಬಟ್ಟಲು ಕಾದ ಹಾಗೆಲ್ಲ ಅದು ಗಟ್ಟಿಯಾಗುತ್ತದೆ. ಆಗ ನಲ್ಲಿಯನ್ನು ಚೂರು ಚೂರೇ ತೆರೆಯಿರಿ. ಚಳಿ ಅಂತ ಒಂದೇ ಸಲ ತಿರುಗಿಸಬೇಡಿ. ಕೊಳವೆಯಿಂದ ಕಪ್ಪು ಹೊಗೆ ಬಂದರೆ ಎಣ್ಣೆ ಜಾಸ್ತಿ, ಗಾಳಿ ಕಡಿಮೆ ಅಂತ ಅರ್ಥ.

ನನ್ನ ಪ್ರಕಾರ ಮೊದಲ ಸಲ ಹಚ್ಚುವುದಕ್ಕಿಂತ ಎರಡನೇ ಸಲ ಹಚ್ಚುವುದೇ ಅಪಾಯ. ರಾತ್ರಿ ಜೋರು ಗಾಳಿ ಕೊಳವೆಯೊಳಗೆ ನುಗ್ಗಿ ಉರಿ ಆರಿತು ಅಂದುಕೊಳ್ಳಿ. ಉರಿ ಆರಿದ್ದು ನಲ್ಲಿಗೆ ಗೊತ್ತಾಗುವುದಿಲ್ಲ, ಎಣ್ಣೆ ಬೀಳುತ್ತಲೇ ಇರುತ್ತದೆ. ಬಟ್ಟಲು ಇನ್ನೂ ಸುಡುತ್ತಿರುತ್ತದೆ. ಬಿದ್ದ ಹನಿಯೆಲ್ಲ ಆವಿಯಾಗಿ ಡ್ರಮ್ಮಿನ ತುಂಬ ಬಿಳಿ ಹೊಗೆಯ ಹಾಗೆ ತುಂಬಿಕೊಳ್ಳುತ್ತದೆ. ಆಗ ಮುಚ್ಚಳ ತೆಗೆದು ಕಡ್ಡಿ ಗೀರಿದರೆ ಎಲ್ಲ ಆವಿಯೂ ಒಟ್ಟಿಗೇ ಹೊತ್ತಿಕೊಂಡು ಬೆಂಕಿ ನೇರ ಮುಖಕ್ಕೆ ಬಡಿಯುತ್ತದೆ. ನಲ್ಲಿ ಮುಚ್ಚಿ. ಕಿಟಕಿ ತೆರೆಯಿರಿ. ಬಟ್ಟಲು ಕೈಯಲ್ಲಿ ಮುಟ್ಟುವಷ್ಟು ತಣ್ಣಗಾಗುವ ತನಕ, ಎಷ್ಟೇ ಚಳಿಯಾದರೂ ಕಂಬಳಿ ಹೊದ್ದು ಕಾಯಿರಿ. ಆಮೇಲೆ ಉಳಿದ ಎಣ್ಣೆ ಒರೆಸಿ ಮೊದಲಿನಿಂದ ಶುರು ಮಾಡಿ.

ಇನ್ನೊಂದು ಕಡೆಯ ಅಪಾಯ ಗಾಳಿಯದ್ದು. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಹೆಚ್ಚುಕಡಿಮೆ 10 ಯೂನಿಟ್ ಕರೆಂಟಿನಷ್ಟು ಶಾಖ ಇದೆ. ಅದು ಪೂರ್ತಿ ಉರಿಯಲು ಸಮುದ್ರ ಮಟ್ಟದಲ್ಲಿ ಸುಮಾರು 10 ಘನ ಮೀಟರ್ ಗಾಳಿ ಬೇಕು. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ ಸುಮಾರು 15 ಘನ ಮೀಟರ್ ಬೇಕಾಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ರೂಮಿನಲ್ಲಿ ಇರುವುದೇ 22-23 ಘನ ಮೀಟರ್. ಚಳಿಗೆ ಹೆದರಿ ಸಂದುಗೊಂದಿಗೆಲ್ಲ ಬಟ್ಟೆ ತುರುಕಿದರೆ ಹೊಸ ಗಾಳಿ ಬರುವುದೆಲ್ಲಿಂದ? ಕೊಳವೆಯ ಎಳೆತ ಕುಗ್ಗುತ್ತದೆ, ಎಣ್ಣೆ ಅರೆಬರೆ ಉರಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟಿ ರೂಮಿಗೇ ಇಳಿಯುತ್ತದೆ.

ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು ಬರುತ್ತದೆ. ಎತ್ತರದ ಕಾಯಿಲೆಯ ಲಕ್ಷಣಗಳೂ ಇವೇ! ಹೊಸಬರು 'ಎತ್ತರ ಒಗ್ಗುತ್ತಿಲ್ಲ' ಅಂದುಕೊಂಡು ಬುಖಾರಿ ಪಕ್ಕದಲ್ಲೇ ಮಲಗಿಬಿಡುವ ಸಾಧ್ಯತೆ ಇರುವುದು ಇದರಿಂದಲೇ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಇಲ್ಲಿ ನಂಬುವ ಹಾಗಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಲೆಕ್ಕ ಹಾಕಿ ಒಳ್ಳೆಯ ಅಂಕಿ ತೋರಿಸುತ್ತದೆ. ರೂಮಿನಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆ ನೋಯುತ್ತಿದ್ದರೆ, ಹೊರಗೆ ಬಂದಾಗ ಹಗುರವಾದರೆ, ಅನುಮಾನ ಬುಖಾರಿಯ ಮೇಲೇ ಇರಲಿ. ಎಲ್ಲರನ್ನೂ ಹೊರಗೆ ಕರೆತನ್ನಿ, ಆಸ್ಪತ್ರೆಗೆ ಹೋಗಿ, ಬುಖಾರಿ ಉರಿಸಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಡಿಪಾಸ್ ಪ್ರಯೋಗಾಲಯ 'ಹಿಮ್ ತಾಪಕ್' ಎಂಬ ಹೀಟರ್ ಮಾಡಿದ್ದು ಕೂಡ ಇವೇ ಎರಡು ಸಾವುಗಳನ್ನು, ಅಂದರೆ ಎದುರಿಗೆ ಬಡಿಯುವ ಬೆಂಕಿ ಮತ್ತು ವಿಷಗಾಳಿಯ ಸಾವುಗಳನ್ನು ಗಡಿಯ ಯೋಧರಿಗೆ ತಪ್ಪಿಸಲಿಕ್ಕೆ. ಸೇನೆ ಅದಕ್ಕೆ 420 ಕೋಟಿ ರೂಪಾಯಿಯ ಆರ್ಡರ್ ಕೊಟ್ಟಿರುವ ಸುದ್ದಿ 2021ರ ಶುರುವಿನಲ್ಲಿ ಬಂತು. ಆದರೆ ನೀವು ಉಳಿಯುವ ಮನೆಯಲ್ಲಿ ಹಳೆಯ ತಗಡಿನ ಬುಖಾರಿಯೇ ಇರಬಹುದು. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಿ. ಕಿಟಕಿಯನ್ನು ಎರಡು ಬೆರಳಷ್ಟಾದರೂ ತೆರೆದಿಡಿ. ಮಲಗುವ ಮುಂಚೆ ನಲ್ಲಿ ಮುಚ್ಚಿ, ಬಟ್ಟಲಿನಲ್ಲಿರುವ ಎಣ್ಣೆ ಉರಿದು ಮುಗಿದು ಜ್ವಾಲೆ ತಾನಾಗಿ ಆರುವ ತನಕ ಯಾರಾದರೂ ಒಬ್ಬರು ಎಚ್ಚರವಾಗಿರಿ.